ಕಣಜದ ಗೂಡಿನ ಮುಂದೆ ಕೂತ ಮೇಷ್ಟ್ರು: ಫಾಬ್ರ್ ಬದುಕು ಮತ್ತು ನಮ್ಮ ಮನೆಯ ಸೂರು

ಬಾಲ್ಕನಿಯ ಮೂಲೆಯಲ್ಲೋ ಹಂಚಿನ ಸಂದಿಯಲ್ಲೋ ಕಣಜದ ಗೂಡು ಕಂಡರೆ ನಮ್ಮಲ್ಲಿ ಹೆಚ್ಚಿನವರು ಹುಡುಕುವುದು ಎರಡೇ ವಸ್ತು: ಉದ್ದನೆಯ ಕೋಲು, ಇಲ್ಲವೇ ಸೀಮೆಎಣ್ಣೆ. ಮೊಬೈಲಿನಲ್ಲಿ ಓಡಾಡುವ ಸಲಹೆಗಳೂ ಹೆಚ್ಚುಕಡಿಮೆ ಇವೇ. ರಾತ್ರಿ ಹೊತ್ತು ಪೆಟ್ರೋಲ್ ಸುರಿಯಿರಿ, ಪಂಜು ಹಿಡಿಯಿರಿ, ತೂತು ಮುಚ್ಚಿಬಿಡಿ, ಅಷ್ಟೇ ಎನ್ನುತ್ತವೆ. ಇವುಗಳಲ್ಲಿ ಕೆಲವನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ವ್ಯಕ್ತಿ ನಿಜವಾಗಿ ಮಾಡಿ, ಆಮೇಲೆ ಏನಾಯಿತು ಎಂದು ಕೂತು ನೋಡಿ, ಬರೆದಿಟ್ಟಿದ್ದಾನೆ. ಅವನ ಹೆಸರು ಝಾನ್ ಆನ್ರಿ ಫಾಬ್ರ್. ಫ್ರಾನ್ಸ್‌ನ ಬಡ ಶಾಲಾ ಮೇಷ್ಟ್ರು. ಕೀಟಗಳ ಬದುಕನ್ನು ಇಷ್ಟು ತಾಳ್ಮೆಯಿಂದ ನೋಡಿದವರು ಅವನಿಗಿಂತ ಮೊದಲು ತೀರಾ ಕಡಿಮೆ. ಅವನ ಕತೆ ಗೊತ್ತಿದ್ದರೆ ಈ ಸಲಹೆಗಳಲ್ಲಿ ಯಾವುದು ಅಪಾಯ, ಏಕೆ ಅಪಾಯ ಎಂಬುದು ತಾನಾಗಿ ಅರ್ಥವಾಗುತ್ತದೆ.

ನಿಂಬೆಹಣ್ಣು ಮಾರಿದ ಹುಡುಗ

ಫಾಬ್ರ್ ಹುಟ್ಟಿದ್ದು 1823ರ ಡಿಸೆಂಬರಿನಲ್ಲಿ, ದಕ್ಷಿಣ ಫ್ರಾನ್ಸ್‌ನ ಸೇಂ-ಲೆಯೋಂ ಎಂಬ ಬಡ ಹಳ್ಳಿಯಲ್ಲಿ. ಅಪ್ಪ ಊರೂರು ಸುತ್ತಿ ಕಾಫಿ ಅಂಗಡಿ ಇಟ್ಟ. ಯಾವುದೂ ನಿಲ್ಲಲಿಲ್ಲ. ಹುಡುಗ ಜಾತ್ರೆಯಲ್ಲಿ ನಿಂಬೆಹಣ್ಣು ಮಾರಿದ, ರೈಲು ಹಳಿ ಹಾಕುವ ಕಡೆ ಕೂಲಿ ಮಾಡಿದ. ಕೊನೆಗೆ ಆವಿನ್ಯೋಂ ಊರಿನ ಶಿಕ್ಷಕರ ತರಬೇತಿ ಶಾಲೆಗೆ ವಿದ್ಯಾರ್ಥಿವೇತನ ಸಿಕ್ಕಿ, 19 ತುಂಬುವ ಮೊದಲೇ, 1842ರಲ್ಲಿ, ಕಾರ್ಪಾಂತ್ರಾ ಎಂಬ ಊರಿನಲ್ಲಿ ಮೇಷ್ಟ್ರಾದ.

ಅಲ್ಲಿ ಅವನು ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ ಭೂಮಿ ಅಳೆಯುವುದನ್ನು ಕಲಿಸುತ್ತಿದ್ದ. ಆದರೆ ಅಳತೆಯ ಕೋಲು ಹಿಡಿದು ಹೊರಟ ಹುಡುಗರು ನಡುನಡುವೆ ಬಗ್ಗಿ ಏನೋ ಮಾಡುತ್ತಿದ್ದರು. ಹೋಗಿ ನೋಡಿದರೆ, ಕಲ್ಲಿನ ಮೇಲೆ ಕಪ್ಪು ಜೇನ್ನೊಣವೊಂದು ಕಟ್ಟಿದ ಮಣ್ಣಿನ ಗೂಡಿಗೆ ಹುಲ್ಲುಕಡ್ಡಿ ತೂರಿಸಿ ಜೇನು ಹೀರುತ್ತಿದ್ದಾರೆ! ಮೇಷ್ಟ್ರೂ ರುಚಿ ನೋಡಿದ. ಆ ನೊಣ ಯಾವುದೆಂದು ತಿಳಿಯಲು ಒಂದು ಕೀಟಶಾಸ್ತ್ರದ ಪುಸ್ತಕ ಬೇಕಾಯಿತು. ಅದರ ಬೆಲೆ ಅವನ ಒಂದು ತಿಂಗಳ ಸಂಬಳ. ಕೊಂಡೇಬಿಟ್ಟ. ಮನೆಯಲ್ಲಿ ಆ ತಿಂಗಳು ಹೇಗೆ ಕಳೆಯಿತೋ ಅವನಿಗೇ ಗೊತ್ತು.

ಗಾರೆ ನೊಣ ಏಕೆ ಕುಟುಕಲಿಲ್ಲ?

ಗಾರೆ ಕೆಲಸದವರಂತೆ ಮಣ್ಣು ಮೆತ್ತಿ ಗೂಡು ಕಟ್ಟುವ ಆ ನೊಣಗಳನ್ನು ಫಾಬ್ರ್ ಮುಂದೆ ಹಲವು ವರ್ಷ ನೋಡಿದ. ಹಂಚಿನ ಕೊಟ್ಟಿಗೆಗಳ ಸೂರಿನಡಿ ಅವು ಸಾವಿರಾರು ಸಂಖ್ಯೆಯಲ್ಲಿ ಗಿಜಿಗುಡುತ್ತಿದ್ದವು. ಅಕ್ಕಪಕ್ಕದವರು ಹೆದರಿ ದೂರ ನಿಲ್ಲುತ್ತಿದ್ದರು. ಫಾಬ್ರ್ ಮಾತ್ರ ಅವುಗಳ ಮಧ್ಯೆಯೇ ಆರಾಮಾಗಿ ಕೂತು ಕೆಲಸ ಮಾಡುತ್ತಿದ್ದ. ಅವು ಅವನನ್ನು ಕುಟುಕಲು ಬರಲಿಲ್ಲ. ಇದು ಪವಾಡವೂ ಅಲ್ಲ, ಮಂತ್ರವೂ ಅಲ್ಲ. ಆ ನೊಣಗಳು ಎಷ್ಟೇ ಸಂಖ್ಯೆಯಲ್ಲಿದ್ದರೂ ಒಂಟಿ ಬದುಕಿನವು. ಪ್ರತಿ ಹೆಣ್ಣಿಗೂ ತನ್ನದೇ ಗೂಡು. ರಾಣಿ ಇಲ್ಲ, ಕಾವಲು ಪಡೆ ಇಲ್ಲ, ಎಲ್ಲರೂ ಸೇರಿ ಕಾಯಬೇಕಾದ ಕೋಟೆ ಇಲ್ಲ.

1854ರ ಸುಮಾರಿಗೆ ಲೆಯೋಂ ದ್ಯುಫೂರ್ ಎಂಬ ಕೀಟತಜ್ಞನ ಲೇಖನವೊಂದು ಫಾಬ್ರ್ ಕೈಗೆ ಬಂತು. ಒಂದು ಜಾತಿಯ ಬೇಟೆ ಕಣಜ ತನ್ನ ಮರಿಗಳಿಗೆಂದು ಬಿಲದಲ್ಲಿ ದುಂಬಿಗಳನ್ನು ತುಂಬಿಡುತ್ತದೆ, ಅವು ವಾರಗಟ್ಟಲೆ ಕೊಳೆಯುವುದಿಲ್ಲ. ಕಣಜ ಅವನ್ನು ಕೊಂದು, ವಿಷದಿಂದ ಕೆಡದಂತೆ ಇಡುತ್ತದೆ ಎಂಬುದು ದ್ಯುಫೂರ್ ಊಹೆ. ಫಾಬ್ರ್ ಅದರ ಹತ್ತಿರದ ಸಂಬಂಧಿಯ ಬಿಲ ಅಗೆದು ನೋಡಿದ. ದುಂಬಿಗಳು ಸತ್ತೇ ಇರಲಿಲ್ಲ! ಕಾಲು ಅಲ್ಲಾಡಿಸಲಾಗದಂತೆ ಲಕ್ವ ಹೊಡೆದಿದ್ದವು. ಕಣಜ ತನ್ನ ಕೊಂಡಿಯನ್ನು ನರಗಳ ಗಂಟಿನ ಬಳಿ ಚುಚ್ಚಿ ಬೇಟೆಯನ್ನು ಜೀವಂತ ಬುತ್ತಿಯನ್ನಾಗಿ ಮಾಡುತ್ತಿತ್ತು. 1855ರಲ್ಲಿ ಪ್ರಕಟವಾದ ಈ ಕೆಲಸದಿಂದಲೇ ಫಾಬ್ರ್ ಹೆಸರು ಹೊರಗೆ ಗೊತ್ತಾದದ್ದು. ಡಾರ್ವಿನ್ ತನ್ನ ಜೀವಿಗಳ ಉಗಮದ ಪುಸ್ತಕದಲ್ಲಿ ಅವನ ವೀಕ್ಷಣೆಯನ್ನು ಬಾಯಿತುಂಬ ಹೊಗಳಿದ. ತಮಾಷೆ ಎಂದರೆ, ಫಾಬ್ರ್ ಕೊನೆಯವರೆಗೂ ವಿಕಾಸವಾದವನ್ನು ಒಪ್ಪಲೇ ಇಲ್ಲ. ಆ ವಿಷಯದಲ್ಲಿ ಅವನು ತಪ್ಪಿದ್ದ.

ಇದಕ್ಕೂ ನಮ್ಮ ಮನೆಗೂ ಏನು ಸಂಬಂಧ ಅಂತೀರಾ? ಕಿಟಕಿ ಚೌಕಟ್ಟಿನಲ್ಲಿ, ಸ್ವಿಚ್ ಬೋರ್ಡಿನ ಮೂಲೆಯಲ್ಲಿ, ಬೀಗದ ತೂತಿನಲ್ಲಿ ಮಣ್ಣಿನ ಉಂಡೆ ಕಟ್ಟುವ ಸಣ್ಣ ಸೊಂಟದ ಕುಂಬಾರ ಹುಳ ಇದೆಯಲ್ಲ, ಅದೂ ಇದೇ ಬಳಗದ ಒಂಟಿ ಬೇಟೆಗಾರ. ಅದರ ಹಳೆಯ ಗೂಡು ಒಡೆದು ನೋಡಿ, ಒಳಗೆ ಜೇಡಗಳೋ ಕಂಬಳಿಹುಳಗಳೋ ತುಂಬಿರುತ್ತವೆ. ಅದರ ವಿಷ ಇರುವುದು ಬೇಟೆಯನ್ನು ಮರಗಟ್ಟಿಸಲು, ನಮ್ಮ ಮೇಲೆ ದಾಳಿ ಮಾಡಲು ಅಲ್ಲ. ಕೈಯಲ್ಲಿ ಹಿಡಿದು ಅದುಮಿದರೆ ಚುಚ್ಚಬಹುದು, ಅಷ್ಟೇ. ಇಂಥ ಗೂಡಿಗೆ ಸ್ಪ್ರೇ ಹೊಡೆಯುವ, ಬೆಂಕಿ ಹಚ್ಚುವ ಅಗತ್ಯವೇ ಇಲ್ಲ. ಮರಿ ಹೊರಬಂದ ಮೇಲೆ ಗೂಡಿನಲ್ಲಿ ತೂತು ಕಾಣುತ್ತದೆ, ಆಗ ಕೆರೆದು ಹಾಕಿ.

ಕಾಗದದ ಗೂಡಿನ ಕಣಜ, ಮಲೆನಾಡಿನವರು ಕಡಜ ಎಂದು ಹೆದರುವ ದೊಡ್ಡ ಜಾತಿ, ಹೆಜ್ಜೇನು ಇವು ಬೇರೆಯೇ ಲೆಕ್ಕ. ಇವು ಸಂಸಾರಸ್ಥ ಕೀಟಗಳು. ಗೂಡಿನಲ್ಲಿ ನೂರಾರು, ಸಾವಿರಾರು ಮರಿಗಳಿರುತ್ತವೆ. ಇವುಗಳ ಕುಟುಕು ಶತ್ರುವನ್ನು ನೋಯಿಸಿ ಓಡಿಸಲೆಂದೇ ಇರುವುದು. ಒಂದು ಕುಟುಕಿದರೆ ಅದರ ವಾಸನೆಯೇ ಉಳಿದವಕ್ಕೆ ಕರೆಗಂಟೆ. ಜೇನ್ನೊಣ ಕುಟುಕಿದ ಜಾಗದಿಂದ ಮಾಗಿದ ಬಾಳೆಹಣ್ಣಿನಂಥ ವಾಸನೆ ಬರುವುದು ಇದೇ ಕಾರಣಕ್ಕೆ. ಆದ್ದರಿಂದ ಗೂಡು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಹೇಗೆ ತೆಗೆಯುವುದು ಎಂಬುದಲ್ಲ. ಇದು ಒಂಟಿಯದೋ, ಗುಂಪಿನದೋ ಎಂಬುದು.

ಎಸೆದರೂ ಮರಳಿ ಬರುವ ಹುಳ

ಫಾಬ್ರ್‌ನ ಮೇಷ್ಟ್ರಗಿರಿ ಸುಖವಾಗಿ ಸಾಗಲಿಲ್ಲ. ಕಾರ್ಸಿಕಾ ದ್ವೀಪದಲ್ಲಿ ಕೆಲವು ವರ್ಷ, ಬಳಿಕ ಆವಿನ್ಯೋಂನಲ್ಲಿ ದೀರ್ಘಕಾಲ. ಗಿಡದ ಬೇರಿನಿಂದ ಕೆಂಪು ಬಣ್ಣ ತೆಗೆಯುವ ಉದ್ಯಮದಿಂದ ನಾಲ್ಕು ಕಾಸು ಮಾಡಿ ಬಡತನ ನೀಗಬೇಕೆಂದು ವರ್ಷಗಟ್ಟಲೆ ದುಡಿದ. ಅಷ್ಟರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾದ ಕೃತಕ ಬಣ್ಣ ಬಂದು ಆ ಆಸೆ ಮಣ್ಣುಪಾಲಾಯಿತು. ಸಂಜೆ ತರಗತಿಗಳಲ್ಲಿ ಹುಡುಗಿಯರಿಗೂ ವಿಜ್ಞಾನ ಹೇಳಿಕೊಟ್ಟ, ಹೂವಿನ ಪರಾಗಸ್ಪರ್ಶ ವಿವರಿಸಿದ. ಊರಿನ ಸಂಪ್ರದಾಯಸ್ಥರು ಸಿಡಿದೆದ್ದರು. ಬಾಡಿಗೆ ಮನೆಯಿಂದಲೂ ಹೊರಬೀಳಬೇಕಾಯಿತು. ಆಗ ಸಾಲ ಕೊಟ್ಟು ಕಾಪಾಡಿದವನು ಅಲ್ಲೇ ನೆಲೆಸಿದ್ದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. 1871ರ ವೇಳೆಗೆ ಫಾಬ್ರ್ ಕೆಲಸ ಬಿಟ್ಟು ಓರಾಂಜ್ ಊರಿಗೆ ಹೋಗಿ, ಶಾಲಾ ಪುಸ್ತಕ ಬರೆದು ಸಂಸಾರ ನಡೆಸಿದ. 1877ರಲ್ಲಿ ಮಗ ಝೂಲ್ ತೀರಿಹೋದ. ಇನ್ನೂ ಹದಿಹರೆಯ. ಅಪ್ಪನ ಜತೆ ಹುಳ ಹುಡುಕುತ್ತಿದ್ದ ಹುಡುಗ. ತಾನು ಕಂಡ ಮೂರು ಕಣಜಗಳಿಗೆ ಫಾಬ್ರ್ ಮಗನ ಹೆಸರಿಟ್ಟ.

ಗಾರೆ ನೊಣಗಳ ಬೆನ್ನ ಮೇಲೆ ಬಿಳಿ ಗುರುತು ಹಾಕಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೈಲುಗಟ್ಟಲೆ ದೂರ ಒಯ್ದು ಬಿಟ್ಟದ್ದು ಅವನ ಪ್ರಸಿದ್ಧ ಪ್ರಯೋಗಗಳಲ್ಲಿ ಒಂದು. ಮನೆಯಲ್ಲಿ ಮಗಳು ಗೂಡಿನ ಮುಂದೆ ಕಾದು ಕೂತಿದ್ದಳು. ಗುರುತಿನ ನೊಣಗಳು ಅದೇ ದಿನ ಮರಳಿ ಬಂದವು. ಡಾರ್ವಿನ್ ಪತ್ರ ಬರೆದು, ಡಬ್ಬಿಯಲ್ಲಿಟ್ಟು ಚೆನ್ನಾಗಿ ತಿರುಗಿಸಿ ದಿಕ್ಕು ತಪ್ಪಿಸಿ ನೋಡು ಎಂದು ಸೂಚಿಸಿದ. ಫಾಬ್ರ್ ತಿರುಗಿಸಿದ. ಆಗಲೂ ಹಲವು ನೊಣಗಳು ಮನೆ ಸೇರಿದವು.

ಇದನ್ನು ನೆನಪಿಡಿ. ಗೂಡನ್ನು ಕೋಲಿನಿಂದ ಕೆಡವಿ ಕಾಂಪೌಂಡಿನಾಚೆ ಎಸೆದರೆ ಕೆಲಸ ಮುಗಿಯಿತು ಎಂದುಕೊಳ್ಳುವವರು ಬಹಳ. ಹುಳಕ್ಕೆ ನೆನಪಿರುವುದು ಗೂಡು ಇದ್ದ ಜಾಗ. ಮೇವಿಗೆ ಹೋದವು ಮರಳಿ ಅಲ್ಲಿಗೇ ಬರುತ್ತವೆ, ಗೂಡಿಲ್ಲದ್ದು ಕಂಡು ಕೆರಳಿ ಅಲ್ಲೇ ಸುತ್ತುತ್ತವೆ. ಕೋಲು ಹಿಡಿದವನು ಓಡಿಹೋಗಿರುತ್ತಾನೆ. ಸಿಕ್ಕಿಬೀಳುವುದು ಆಮೇಲೆ ಬಟ್ಟೆ ಒಣಹಾಕಲು ಬಂದವರು, ಆಟವಾಡಲು ಬಂದ ಮಕ್ಕಳು. ಗೂಡು ತೆಗೆಸಿದ ಮೇಲೂ ಎರಡು ಮೂರು ದಿನ ಆ ಕಡೆ ಯಾರನ್ನೂ ಬಿಡದಿರುವುದು ಒಳ್ಳೆಯದು.

ಪೆಟ್ರೋಲ್, ಜೊಂಡಿನ ಕೊಳವೆ, ಜೇಡಿಮಣ್ಣು

1879ರಲ್ಲಿ ಫಾಬ್ರ್‌ಗೆ 55 ದಾಟಿತ್ತು. ಆಗ ಜೀವಮಾನದ ಕನಸು ನನಸಾಯಿತು. ಸೆರಿನ್ಯಾಂ ಹಳ್ಳಿಯ ಪಕ್ಕ ಬೇಸಾಯಕ್ಕೆ ಬಾರದ ಕಲ್ಲುಮುಳ್ಳಿನ ಒಂದು ತುಂಡು ನೆಲ, ಒಂದು ಮನೆ. ಆ ಕಡೆಯ ಭಾಷೆಯಲ್ಲಿ ಇಂಥ ಬಂಜರಿಗೆ ಆರ್ಮಾಸ್ ಎನ್ನುತ್ತಾರೆ. ರೈತನಿಗೆ ಕೆಲಸಕ್ಕೆ ಬಾರದ ನೆಲ, ಕಣಜಗಳಿಗೆ ಸ್ವರ್ಗ. ಅದೇ ವರ್ಷ ಅವನ ಕೀಟ ನೆನಪುಗಳ ಮೊದಲ ಸಂಪುಟ ಬಂತು. 1907ರ ಹೊತ್ತಿಗೆ ಅವು ಹತ್ತಾದವು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮರುಮದುವೆಯಾಗಿ ಮತ್ತೆ ಮೂವರು ಮಕ್ಕಳಾದರು. ಅವರಲ್ಲಿ ಪೋಲ್ ಎಂಬ ಪುಟ್ಟ ಹುಡುಗ ಮುದುಕನ ಕಣ್ಣಾದ.

ಒಂದು ಸೆಪ್ಟೆಂಬರ್. ನೆಲದೊಳಗೆ ಗೂಡು ಕಟ್ಟುವ ಹಳದಿ ಕಣಜಗಳ ಬಾಗಿಲನ್ನು ಪೋಲ್ ಹುಡುಕಿಕೊಟ್ಟ. ಹೆಬ್ಬೆರಳು ಹೋಗುವಷ್ಟು ತೂತು, ಅದರಲ್ಲಿ ಒಂದೇ ಸಮನೆ ಹುಳಗಳ ಹೋಗಿಬರುವಿಕೆ. ಹಗಲಲ್ಲಿ ಹತ್ತಿರ ಹೋಗುವುದು ಅಪಾಯ ಎಂದು ಇಬ್ಬರೂ ದೂರದಿಂದಲೇ ಗುರುತು ಮಾಡಿ ಬಂದರು. ರಾತ್ರಿ ಹೊರಟರು. ಸಾಮಾನು ಮೂರೇ: ಪೆಟ್ರೋಲ್, ಗೇಣುದ್ದದ ಜೊಂಡಿನ ಕೊಳವೆ, ಕಲಸಿದ ಜೇಡಿಮಣ್ಣು.

ಕೊಳವೆ ಏಕೆ? ತೂತು ನೇರವಾಗಿ ಕೆಳಗಿಳಿಯುವುದಿಲ್ಲ, ಅಡ್ಡಡ್ಡ ಹೋಗುತ್ತದೆ. ಬಾಯಿಗೆ ಸುಮ್ಮನೆ ಸುರಿದರೆ ಪೆಟ್ರೋಲನ್ನು ಮಣ್ಣೇ ಕುಡಿದುಬಿಡುತ್ತದೆ, ಗೂಡಿಗೆ ತಲುಪುವುದೇ ಇಲ್ಲ. ಮರುದಿನ ಧೈರ್ಯವಾಗಿ ಗುದ್ದಲಿ ಹಾಕಿದವನಿಗೆ ಕಾದಿರುವುದು ಜೀವಂತ ದಂಡು. ಫಾಬ್ರ್ ಕೊಳವೆಯ ಮೂಲಕ ಒಳಗೇ ಬಿಟ್ಟು, ಜೇಡಿಮಣ್ಣಿನಿಂದ ಬಾಯಿ ಮುಚ್ಚಿ ಮನೆಗೆ ಹೋದ. ಬೆಂಕಿ ಹಚ್ಚಲಿಲ್ಲ. ಅವನಿಗೆ ಬೇಕಿದ್ದದ್ದು ಗೂಡು. ಕೊಲ್ಲುವುದು ಆವಿಯ ಕೆಲಸ. ಬೆಳಗಿನ ಜಾವ, ಹೊರಗೆ ರಾತ್ರಿ ಕಳೆದ ಹುಳಗಳು ಮರಳುವ ಮುನ್ನವೇ ಅಗೆಯಲು ಕೂತ.

ಇಲ್ಲಿ ಒಂದು ಮಾತು. ಇದನ್ನು ಓದಿ ಯಾರೂ ಕ್ಯಾನು ಹಿಡಿದು ಹೊರಡಬೇಡಿ. ಫಾಬ್ರ್ ಇದ್ದದ್ದು ಬಯಲಿನಲ್ಲಿ, ಕೆಲಸ ನೆಲದೊಳಗಿನ ಗೂಡಿನ ಮೇಲೆ. ನಮ್ಮ ಗೂಡುಗಳಿರುವುದು ಸೂರಿನಡಿ, ಬಾಲ್ಕನಿಯಲ್ಲಿ, ಗ್ಯಾಸ್ ಸಿಲಿಂಡರ್ ಪಕ್ಕದ ಗೋಡೆಯಲ್ಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದುದ್ದಕ್ಕೂ ಹರಿದು, ದೂರದ ದೇವರ ದೀಪಕ್ಕೋ ಸ್ವಿಚ್ಚಿನ ಕಿಡಿಗೋ ತಗುಲಿ ಹೊತ್ತಿಕೊಳ್ಳಬಲ್ಲದು. ಇನ್ನು ಪಂಜು ಹಿಡಿಯುವುದೆಂದರೆ, ಕಾಗದದ ಗೂಡು ಉರಿಯುವುದು ನಿಜ, ಅದರ ಜತೆ ಸೂರೂ ಉರಿಯುತ್ತದೆ. ಏಣಿಯ ಮೇಲೆ ನಿಂತವನು ನಾಲ್ಕು ಹುಳ ಮುಖಕ್ಕೆ ಬಂದಾಗ ಎರಡೂ ಕೈ ಬಿಡುತ್ತಾನೆ. ಆಸ್ಪತ್ರೆ ಸೇರಲು ಆಗ ವಿಷವೇ ಬೇಕಾಗಿಲ್ಲ.

ಮಣ್ಣು ಸರಿಸಿದಾಗ ಕಂಡದ್ದು ಕುಂಬಳಕಾಯಿ ಗಾತ್ರದ ಕಾಗದದ ಅರಮನೆ. ಕಣಜಗಳು ಮರದ ನಾರು ಕೆರೆದು, ಜೊಲ್ಲಿನಲ್ಲಿ ಕಲಸಿ ಮಾಡಿದ ಕಾಗದ. ಹೊರಗೆ ಪದರದ ಮೇಲೆ ಪದರ, ನಡುವೆ ಗಾಳಿ, ಅಂದರೆ ಕಂಬಳಿ ಹೊದ್ದಂತೆ ಬೆಚ್ಚಗಿನ ವ್ಯವಸ್ಥೆ. ಒಳಗೆ ಮಹಡಿ ಮಹಡಿಯಾಗಿ ತಟ್ಟೆಗಳು, ಕೋಣೆಗಳ ಬಾಯಿ ಕೆಳಮುಖ. ಗೂಡಿಗೂ ಮಣ್ಣಿನ ಗೋಡೆಗೂ ನಡುವೆ ಓಡಾಡಲು ಜಾಗ. ಅಷ್ಟು ದೊಡ್ಡ ಗುಹೆಯ ಮಣ್ಣನ್ನು ಕಾಳು ಕಾಳಾಗಿ ಬಾಯಲ್ಲಿ ಹೊತ್ತು ಹೊರಹಾಕಿದ್ದವು.

ಇನ್ನೊಂದು ಗೂಡನ್ನು ಫಾಬ್ರ್ ಕೊಲ್ಲಲಿಲ್ಲ. ಬಾಗಿಲ ಮೇಲೆ ದೊಡ್ಡ ಗಾಜಿನ ಗಂಟೆ ಕವಿಚಿದ. ಬೆಳಗಾಯಿತು, ಕಣಜಗಳು ಹೊರಬಂದವು, ಬೆಳಕಿನತ್ತ ಹಾರಿ ಗಾಜಿಗೆ ಬಡಿದವು. ಇಷ್ಟು ದೊಡ್ಡ ಗುಹೆ ತೋಡಿದ ಹುಳಗಳು ಗಾಜಿನ ಅಂಚಿನಡಿ ಒಂದಿಷ್ಟು ಮಣ್ಣು ತೋಡಿದ್ದರೆ ಪಾರಾಗುತ್ತಿದ್ದವು. ತೋಡಲಿಲ್ಲ. ರಾತ್ರಿ ಹೊರಗುಳಿದಿದ್ದ ಕೆಲವು ಬಂದು, ಗಾಜಿನ ಸುತ್ತ ಸುತ್ತಿ, ಅಂಚಿನಡಿ ತೋಡಿ ಒಳಗೆ ಹೋದವು! ಹೊರಗಿನಿಂದ ಒಳಬರಲು ತೋಡುವುದು ಅವಕ್ಕೆ ಗೊತ್ತು. ಒಳಗಿನಿಂದ ಹೊರಹೋಗಲು ಗೊತ್ತಿರುವುದು ಬೆಳಕಿನತ್ತ ಹಾರುವುದೊಂದೇ. ತೋಡಿ ಬಂದವೂ ಅದೇ ದಾರಿಯಲ್ಲಿ ಮರಳಲು ಕಲಿಯಲಿಲ್ಲ. ಗೂಡು ದಿನದಿನಕ್ಕೆ ಬರಿದಾಯಿತು. ಓದುವಾಗ ಸ್ವಲ್ಪ ಕ್ರೂರ ಎನಿಸುತ್ತದೆ, ನಿಜ.

ಆದರೆ ಈ ಪ್ರಯೋಗ ಎರಡು ಸಲಹೆಗಳ ಬಣ್ಣ ಬಯಲು ಮಾಡುತ್ತದೆ. ರಾತ್ರಿ ಹುಳಗಳು ಏನೂ ಮಾಡುವುದಿಲ್ಲ, ಟಾರ್ಚ್ ಹಿಡಿದು ಹೋಗಿ ಎನ್ನುವುದು ಮೊದಲನೆಯದು. ಕತ್ತಲಲ್ಲಿ ಅವು ಕಡಿಮೆ ಹಾರುತ್ತವೆ ಎಂಬುದು ನಿಜ. ಆದರೆ ಗೂಡು ಅಲುಗಿದರೆ ಬೆಳಕಿನತ್ತಲೇ ಬರುತ್ತವೆ, ಬೆಳಕು ಇರುವುದು ನಿಮ್ಮ ಕೈಯಲ್ಲಿ. ಹೆಜ್ಜೇನಂತೂ ಬೆಳದಿಂಗಳಲ್ಲಿ ಮೇವಿಗೇ ಹೋಗುತ್ತದೆ. ಎರಡನೆಯದು, ಗೋಡೆಯ ತೂತಿಗೆ ಸಿಮೆಂಟ್ ಮೆತ್ತಿ ಎನ್ನುವುದು. ಒಳಗೆ ಜೀವಂತ ಗೂಡಿದ್ದಾಗ ಹೊರಬಾಗಿಲು ಮುಚ್ಚಿದರೆ, ಹುಳಗಳು ಇನ್ನೆಲ್ಲಿ ಬೆಳಕು ಇಣುಕುತ್ತದೋ ಅತ್ತ ಹೋಗುತ್ತವೆ. ಅದು ನಿಮ್ಮ ಮಲಗುವ ಕೋಣೆಯ ಬಿರುಕೂ ಆಗಿರಬಹುದು.

ಚಳಿ ಬಂದಾಗ

ನವೆಂಬರಿನ ಚಳಿಗೆ ಫಾಬ್ರ್‌ನ ಪಂಜರದ ಕಣಜಗಳ ಸಂಸಾರ ಕುಸಿಯಿತು. ಜೇನು ಇಟ್ಟಿದ್ದ, ಬೆಚ್ಚಗೆ ಇಟ್ಟಿದ್ದ. ಆದರೂ ಅದುವರೆಗೆ ಮುದ್ದಿನಿಂದ ಉಣಿಸುತ್ತಿದ್ದ ಮರಿಗಳನ್ನೇ ಕೆಲಸಗಾರ ಕಣಜಗಳು ಕೋಣೆಯಿಂದ ಎಳೆದು ಕೊಂದು ಹೊರಹಾಕಿದವು, ಬಳಿಕ ತಾವೂ ಸತ್ತವು. ಅಂಥ ಚಳಿ ದೇಶಗಳಲ್ಲಿ ಗೂಡಿನ ಆಯುಸ್ಸು ಒಂದೇ ವರ್ಷ. ಗರ್ಭ ಧರಿಸಿದ ಹೊಸ ರಾಣಿಗಳಷ್ಟೇ ಬದುಕುಳಿದು ವಸಂತದಲ್ಲಿ ಹೊಸ ಗೂಡು ಹೂಡುತ್ತವೆ. ಚಳಿಗಾಲದವರೆಗೆ ಕಾಯಿರಿ ಎಂಬ ವಿದೇಶಿ ಸಲಹೆ ಹುಟ್ಟಿದ್ದು ಇಲ್ಲಿಂದಲೇ. ನಮಗೆ ಅದು ಹೊಂದುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ದಶಕಗಳಿಂದ ನೋಡುತ್ತಿರುವ ನಮ್ಮ ಕಾಗದ ಕಣಜ ರೋಪಾಲಿಡಿಯಾ ಮಾರ್ಜಿನೇಟಾ ವರ್ಷವಿಡೀ ಗೂಡು ಕಟ್ಟುತ್ತದೆ, ಅದಕ್ಕೆ ಚಳಿಗಾಲದ ರಜೆ ಇಲ್ಲ. ಹೆಜ್ಜೇನು ಮಾತ್ರ ವಲಸೆಗಾರ. ಹೂವಿನ ಕಾಲ ಮುಗಿದರೆ ಹಲ್ಲೆ ಬಿಟ್ಟು ತಾನಾಗಿ ಹೊರಡುತ್ತದೆ. ಎತ್ತರದ ನೀರಿನ ಟ್ಯಾಂಕಿನಡಿ, ಜನ ಓಡಾಡದ ಕಡೆ ಕಟ್ಟಿದ್ದರೆ ಬಿಟ್ಟುಬಿಡುವುದೇ ಜಾಣತನ.

ಬಿಡಲಾಗದ ಜಾಗವೂ ಇರುತ್ತದೆ. ಬಾಗಿಲ ಮೇಲೆ, ಶಾಲೆಯ ಅಂಗಳದಲ್ಲಿ, ಕುಟುಕಿನ ಅಲರ್ಜಿ ಇರುವವರ ಮನೆಯಲ್ಲಿ. ಆಗ ಅಗ್ನಿಶಾಮಕ ಇಲಾಖೆಯನ್ನೋ, ರಕ್ಷಣಾ ಉಡುಪು ಇರುವ ಜೇನುಸಾಕಣೆದಾರರನ್ನೋ, ಕೀಟ ನಿಯಂತ್ರಣದವರನ್ನೋ ಕರೆಯಿರಿ. ಅವರು ಬರುವವರೆಗೆ ಕಲ್ಲು, ಹೊಗೆ, ಪಟಾಕಿ, ಡ್ರೋನ್ ಯಾವುದೂ ಬೇಡ. ದಾಳಿಯಾದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ನೇರವಾಗಿ ಓಡಿ ಕೋಣೆಯನ್ನೋ ಕಾರನ್ನೋ ಸೇರಿ ಬಾಗಿಲು ಹಾಕಿಕೊಳ್ಳಿ. ಬಾವಿಗೆ, ಕೆರೆಗೆ ಹಾರಬೇಡಿ. ಜೇನು ಮೇಲೆಯೇ ಕಾದಿರುತ್ತದೆ.

ಕುಟುಕಿದ ಮೇಲಿನ ಔಷಧಿಗಳ ಪಟ್ಟಿ ಇನ್ನೂ ಉದ್ದ. ಸುಣ್ಣ, ಈರುಳ್ಳಿ, ಕಬ್ಬಿಣದ ಚಾವಿ, ಟೂತ್‌ಪೇಸ್ಟ್. ಜೇನಿನ ವಿಷ ಆಮ್ಲ, ಕಣಜದ್ದು ಕ್ಷಾರ, ಆದ್ದರಿಂದ ಒಂದಕ್ಕೆ ಸೋಡಾ ಇನ್ನೊಂದಕ್ಕೆ ವಿನೆಗರ್ ಎಂಬ ಲೆಕ್ಕ ಕೇಳಲು ಚೆಂದ. ಆದರೆ ವಿಷ ಚರ್ಮದ ಕೆಳಗೆ ಹೋಗಿರುತ್ತದೆ, ಅದರಲ್ಲಿ ಕೆಲಸ ಮಾಡುವುದು ಪ್ರೋಟೀನುಗಳು. ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪುವುದಿಲ್ಲ. ಜೇನ್ನೊಣದ ಮುಳ್ಳು ಉಳಿದಿದ್ದರೆ ಉಗುರಿನಿಂದಲೋ ಬೆರಳಿನಿಂದಲೋ ತಕ್ಷಣ ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಸಾಬೂನಿನಿಂದ ತೊಳೆದು ಐಸ್ ಇಡಿ. ಕೈಗೆ ಕುಟುಕಿದ್ದರೆ ಊತ ಬರುವ ಮೊದಲೇ ಉಂಗುರ, ಬಳೆ ಬಿಚ್ಚಿ.

ನಿಜವಾದ ಗಂಡಾಂತರ ಬೇರೆ ಇದೆ. ಫಾಬ್ರ್ ಬದುಕಿದ್ದಾಗಲೇ, 1902ರಲ್ಲಿ, ಅವನದೇ ದೇಶದ ವೈದ್ಯ ಶಾರ್ಲ್ ರಿಶೆ ಅದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟ. ಸಮುದ್ರಜೀವಿಯ ವಿಷವನ್ನು ಒಮ್ಮೆ ತಡೆದುಕೊಂಡ ನಾಯಿಗಳು ಕೆಲವು ವಾರಗಳ ನಂತರ ಅದರ ತೀರಾ ಸಣ್ಣ ಪ್ರಮಾಣಕ್ಕೆ ನಿಮಿಷಗಳಲ್ಲಿ ಸತ್ತದ್ದನ್ನು ಅವನು ಕಂಡಿದ್ದ. ಹಿಂದೆ ಕುಟುಕಿದಾಗ ಏನೂ ಆಗಿಲ್ಲ ಎಂಬ ಧೈರ್ಯ ಏಕೆ ಸಾಲದು ಎಂಬುದಕ್ಕೆ ಇದೇ ಉತ್ತರ. ಮೈಯೆಲ್ಲ ದದ್ದು, ತುಟಿ ನಾಲಿಗೆ ಊತ, ಉಸಿರಿಗೆ ಕಷ್ಟ, ಧ್ವನಿ ಒಡೆಯುವುದು, ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಬೇಕಾಗುವುದು ಅಡ್ರಿನಲಿನ್ ಚುಚ್ಚುಮದ್ದು, ಅಲರ್ಜಿ ಮಾತ್ರೆ ಅದರ ಬದಲಿಯಲ್ಲ. ಹತ್ತಾರು ಕಡೆ ಕುಟುಕಿದ್ದರೆ ಅಲರ್ಜಿ ಇಲ್ಲದವರೂ ಆಸ್ಪತ್ರೆಗೆ ಹೋಗಲೇಬೇಕು. ಆ ಹೊತ್ತಿಗೆ ಚೆನ್ನಾಗಿದ್ದವರಿಗೂ ಒಂದೆರಡು ದಿನದಲ್ಲಿ ಮೂತ್ರಪಿಂಡ ಕೈಕೊಡಬಹುದು.

ರಿಶೆಗೆ ನೊಬೆಲ್ ಬಂದದ್ದು 1913ರಲ್ಲಿ. ಅದೇ ವರ್ಷ ಫ್ರಾನ್ಸ್‌ನ ರಾಷ್ಟ್ರಾಧ್ಯಕ್ಷ ಪ್ವಾಂಕಾರೆ ಸೆರಿನ್ಯಾಂಗೆ ಬಂದು ಮುದುಕ ಫಾಬ್ರ್‌ನನ್ನು ಕಂಡು ಹೋದ. ಜೀವಮಾನವಿಡೀ ಬಡತನ ಉಂಡವನಿಗೆ ಕೀರ್ತಿ ಸಿಕ್ಕಾಗ ಕಣ್ಣೂ ಕಾಲೂ ಸೋತಿದ್ದವು. 1915ರ ಅಕ್ಟೋಬರ್ 11ರಂದು, 91ನೆಯ ವಯಸ್ಸಿನಲ್ಲಿ, ಅವನು ಆರ್ಮಾಸ್‌ನಲ್ಲೇ ತೀರಿಕೊಂಡ. ಆ ಮನೆ ಈಗ ಮ್ಯೂಸಿಯಂ. ಅವನು ಬರೆಯುತ್ತಿದ್ದ ಮೇಜು ದೊಡ್ಡ ಕರವಸ್ತ್ರದಷ್ಟು ಅಗಲವಿತ್ತು. ಒಂದು ಮಸಿಕುಡಿಕೆ, ಒಂದು ನೋಟ್‌ಬುಕ್ ಇಟ್ಟರೆ ಅದರ ಮೇಲೆ ಬೇರೇನಕ್ಕೂ ಜಾಗವಿರಲಿಲ್ಲ.